ಮುಂಚಿನ ಉಸಿರು

ಮೇಷ್ಟ್ರು ಹಲ್ಲು ಕೀಳಿಸಿಕೊಂಡು ಬರುತ್ತೇನೆಂದು ಹತ್ತೂವರೆಗೆ ಹೊರಟುಹೋದ ಮೇಲೆ ಲ್ಯಾಬಿನ ಉಸಿರು ಪರೀಕ್ಷೆಯ ಮೆಷಿನ್ನಿನ ಮುಂದೆ ಕೂರಲು ಯಾರೂ ಇಲ್ಲವೆಂದು ಅವಳೇ ಕೂತಳು. ಕೂರಬಾರದಿತ್ತು ಎಂದು ಆಮೇಲೆ ಎಷ್ಟು ಸಲ ಅನ್ನಿಸಿತೋ ಲೆಕ್ಕವಿಲ್ಲ. ಅವಳ ಕೆಲಸ ಪಕ್ಕದ ಕೋಣೆಯಲ್ಲಿ. ಬರಿಹೊಟ್ಟೆಯಲ್ಲಿ ಬಂದವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಬೆಳ್ಳಿ ಬಣ್ಣದ ಚೀಲವೊಂದಕ್ಕೆ ಅವರ ಉಸಿರು ತುಂಬಿಸಿಕೊಳ್ಳುವುದು, ಹುಳಿ ರುಚಿಯ ಔಷಧದ ನೀರು ಒಂದು ಲೋಟ ಕುಡಿಸುವುದು, ಅರ್ಧ ಗಂಟೆ ಕಾಯಿಸಿ ಇನ್ನೊಂದು ಚೀಲಕ್ಕೆ ಮತ್ತೆ ಊದಿಸುವುದು. ಹೊಟ್ಟೆಯಲ್ಲಿ ಹುಣ್ಣು ತರುವ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದ್ದರೆ ಅದು ನೀರಿನಲ್ಲಿರುವ ಔಷಧವನ್ನು ಒಡೆಯುತ್ತದೆ, ಒಡೆದದ್ದರ ಗುರುತು ಎರಡನೆಯ ಉಸಿರಿನಲ್ಲಿ ಏರಿ ಬರುತ್ತದೆ. ಇಲ್ಲದಿದ್ದರೆ ಎರಡು ಉಸಿರೂ ಒಂದೇ. ಮೆಷಿನ್ನು ಎರಡನೆಯದರಿಂದ ಮೊದಲನೆಯದನ್ನು ಕಳೆಯುತ್ತದೆ, ಅಷ್ಟೇ ಅದರ ಬುದ್ಧಿ. ಹನ್ನೊಂದು ವರ್ಷ ಇದನ್ನೇ ಮಾಡಿಕೊಂಡು ಬಂದದ್ದಕ್ಕೆ ಲ್ಯಾಬಿನಲ್ಲಿ ಅವಳಿಗೆ ಉಸಿರಮ್ಮ ಎಂದು ಹೆಸರು ಬಿದ್ದಿತ್ತು. ಅವಳಿಗೂ ಅದರ ಬಗ್ಗೆ ಬೇಜಾರಿರಲಿಲ್ಲ. ರಕ್ತ ಹೀರುವವರಿಗಿಂತ ಉಸಿರು ಹಿಡಿಯುವವಳು ವಾಸಿ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ಬೆಳಿಗ್ಗೆ ಮೊದಲು ಬಂದಿದ್ದವನು ಒಬ್ಬ ಬಸ್ ಡ್ರೈವರ್. ಅವನ ಎರಡು ಚೀಲಗಳನ್ನು ಅವಳು ಮೆಷಿನ್ನಿಗೆ ಸಿಕ್ಕಿಸಿದಳು: ಮುಂಚಿನದನ್ನು ಒಂದನೇ ತೂತಿಗೆ, ಆಮೇಲಿನದನ್ನು ಎರಡನೇ ತೂತಿಗೆ. ಮೆಷಿನ್ನು ಸ್ವಲ್ಪ ಹೊತ್ತು ಗೊಣಗಿ ಪರದೆಯ ಮೇಲೆ ಕೆಂಪಕ್ಷರದಲ್ಲಿ 'ಇದೆ' ಎಂದಿತು. ಪಾಪ, ಇವನಿಗೆ ಹದಿನಾಲ್ಕು ದಿನ ಮಾತ್ರೆ ನುಂಗುವ ಕರ್ಮ ಎಂದುಕೊಂಡು ಅವನ ಹೆಸರನ್ನು ಪಟ್ಟಿಗೆ ಸೇರಿಸಲು ಹೋದವಳ ಕೈ ಅಲ್ಲೇ ನಿಂತಿತು. ಪಟ್ಟಿಯಲ್ಲಿ ಆ ಒಂದು ಕೆಂಪಿನ ಮೇಲೆ ಎಲ್ಲ ಹಸಿರು. ಇಲ್ಲ, ಇಲ್ಲ, ಇಲ್ಲ. ಬೆರಳಿನಿಂದ ಪಟ್ಟಿಯನ್ನು ಮೇಲೆ ತಳ್ಳಿದಳು, ಹೋದ ವಾರವೂ ಇಲ್ಲ, ಅದರ ಹಿಂದಿನ ವಾರವೂ ಇಲ್ಲ. ಆರು ವಾರ, ನಲವತ್ತೊಂದು ಜನ, ಒಬ್ಬರಿಗೂ ಇಲ್ಲ. ಹತ್ತು ಜನ ಊದಿದರೆ ಅದರಲ್ಲಿ ನಾಲ್ಕು ಜನಕ್ಕೆ ಇರುತ್ತಿದ್ದ ಊರು ಇದು. ಇದ್ದಕ್ಕಿದ್ದ ಹಾಗೆ ಊರಿನ ಹೊಟ್ಟೆಗಳೆಲ್ಲ ಸ್ವಚ್ಛವಾಗಿಬಿಟ್ಟವೇ ಎಂದು ಮೊದಲು ನಗು ಬಂತು, ಆ ನಗು ಅರ್ಧಕ್ಕೇ ಒಣಗಿತು. ಪಟ್ಟಿಯ ಒಳಗಿನ ಪುಟ ತೆರೆದಳು. ಅಲ್ಲಿ ಹೆಸರಿನ ಎದುರು ಅಂಕಿಗಳಿದ್ದವು, ಹದಿನೇಳು ಅಂಕಿಗಳ ಎಡಕ್ಕೆ ಒಂದೊಂದು ಸಣ್ಣ ಗೆರೆ ಇತ್ತು. ಮೈನಸ್ ಹದಿನಾರು. ಮೈನಸ್ ಒಂಬತ್ತು. ಮೈನಸ್ ಇಪ್ಪತ್ತೇಳು. ಉಸಿರಿನಿಂದ ಉಸಿರು ಕಳೆದರೆ ಇಂಥ ಮೈನಸ್ ಬರುವ ಹಾಗಿಲ್ಲ, ಬಂದರೆ ಅದಕ್ಕೆ ಕಾರಣ ಒಂದೇ, ಚೀಲ ಅದಲು ಬದಲು. ಅವಳು ತಲೆ ಎತ್ತಿ ಮೆಷಿನ್ನಿನ ನೆತ್ತಿಯ ಮೇಲೆ ಅಂಟಿಸಿದ್ದ ಚೀಟಿಯನ್ನು ನೋಡಿದಳು. ಮೇಷ್ಟ್ರ ದುಂಡು ಅಕ್ಷರ, ಅಡಿಗೆ ಎರಡು ಗೆರೆ: 'ಮುಂ — ಎರಡನೇ ತೂತಿಗೆ.'

ಮುಂ. ಎಷ್ಟು ಚಿಕ್ಕ ಅಕ್ಷರ. ಪೂರ್ತಿ ಬರೆಯಲು ಅವಳಿಗೆ ಸೋಮಾರಿತನ. ಬೆಳ್ಳಿ ಚೀಲದ ಮೇಲೆ ಮಾರ್ಕರ್ ಜಾರುತ್ತಿತ್ತು, ಬಾಗಿಲಲ್ಲಿ ಹಸಿದುಕೊಂಡು ಬಂದವರ ಸಾಲಿರುತ್ತಿತ್ತು, ಅಚ್ಚಾದ ಲೇಬಲ್ಲುಗಳು ಮುಗಿದು ಯಾವ ಕಾಲವಾಯಿತೋ. ಎರಡು ಚೀಲದಲ್ಲಿ ಒಂದಕ್ಕೆ ಗುರುತು ಹಾಕಿದರೆ ಇನ್ನೊಂದು ತಾನಾಗಿಯೇ ಇನ್ನೊಂದು. ದಪ್ಪಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಹಳೆಯ ಮೆಷಿನ್ನಿನವಳು ಹತ್ತು ವರ್ಷ ಈ ಮುಂ ನೋಡಿಯೂ ಒಂದು ದಿನ ಏನಿದು ಅಂತ ಕೇಳಿದವಳಲ್ಲ. ಮುಂ ಅಂದರೆ ಮುಂಚಿನದು, ಇನ್ನೇನು? ಆರು ವಾರದ ಕೆಳಗೆ ದಪ್ಪಕ್ಕ ನಿವೃತ್ತಿಯಾಗಿ ಆ ಜಾಗಕ್ಕೆ ಮೇಷ್ಟ್ರು ಬಂದಾಗ ಅದನ್ನು ಹೇಳಿಕೊಡಬೇಕು ಅಂತಲೂ ಅವಳಿಗೆ ಹೊಳೆಯಲಿಲ್ಲ, ಹೇಳಿಕೊಡಲು ಅದರಲ್ಲಿ ಏನಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು, ಈ ವಯಸ್ಸಿನಲ್ಲೂ ಮೂರು ದಿನದ ತರಬೇತಿಗೆ ಹೋಗಿ ನೋಟ್ಸ್ ಬರೆದುಕೊಂಡು ಬಂದವರು. ಮುಂ ನೋಡಿ ಅವರು ಮುಂದಿನದು ಎಂದು ಓದಿಕೊಂಡಿದ್ದರು. ಮುಂದೆ ಬರುವ ಉಸಿರು, ಆಮೇಲಿನ ಉಸಿರು. ಅದೂ ಸರಿಯೇ. ಮುಂಚೆಯೂ ಮುಂದೆಯೂ ಒಂದೇ ಸೊನ್ನೆಯೊಳಗೆ ಅಡಗಿ ಕೂತಿದ್ದವು, ಬರೆದವಳಿಗೆ ಒಂದು ಕಂಡಿತ್ತು, ಓದಿದವರಿಗೆ ಇನ್ನೊಂದು. ಸೋಂಕಿದ್ದವರ ಉಸಿರೆಲ್ಲ ತಲೆಕೆಳಗಾಗಿ ಮೈನಸ್ಸಾಗಿತ್ತು, ಮೈನಸ್ ಅಂದರೆ ಮೆಷಿನ್ನಿಗೆ ಇಲ್ಲ ಅಂತಲೇ ಅರ್ಥ. ಲ್ಯಾಬಿನ ಮುಖ್ಯಸ್ಥೆ, ಮೇಲಿನ ಮಹಡಿಯ ಮೇಡಂ, ಫೋನಿನಲ್ಲಿ ಮಾತಾಡುತ್ತಲೇ ಆ ಇಲ್ಲಗಳಿಗೆಲ್ಲ ಸಹಿ ಹಾಕಿ ಕಳಿಸಿದ್ದರು.

ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ಹುಡುಕಬೇಕಾದ ಹೆಸರು ಯಾವುದೆಂದು ಗೊತ್ತಿತ್ತು. ಅದಕ್ಕೇ ಹುಡುಕದೆ ಬೇರೆ ಹೆಸರುಗಳನ್ನು ಓದಿದಳು. ಕೆಮ್ಮುತ್ತ ಊದಿದ ಮುದುಕ, ಮದುವೆ ಗೊತ್ತಾಗಿದೆ ಅಂತ ನಾಚುತ್ತ ಹೇಳಿದ ಹುಡುಗಿ, ಎಷ್ಟು ಹೇಳಿದರೂ ಉಸಿರು ಒಳಗೆಳೆದುಕೊಳ್ಳುತ್ತಿದ್ದ ಬಡಗಿ. ನಾಲ್ಕು ವಾರದ ಕೆಳಗೆ, ಗುರುವಾರ, ಪಟ್ಟಿಯಲ್ಲಿ ಹತ್ತೊಂಬತ್ತನೆಯದು ಅಕ್ಕನ ಹೆಸರು. ಮೈನಸ್ ಇಪ್ಪತ್ತೊಂದು. ಆವತ್ತು ಅಕ್ಕ ಎಷ್ಟು ಖುಷಿಯಾಗಿ ಬಂದಿದ್ದಳು, ತಂಗಿ ಕೆಲಸ ಮಾಡುವ ಜಾಗ ನೋಡುತ್ತೇನೆಂದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು. ಚೀಲ ಬಾಯಿಗಿಟ್ಟುಕೊಂಡು ನಕ್ಕು ಉಸಿರೆಲ್ಲ ಹೊರಗೆ ಬಿಟ್ಟು, "ಬಲೂನು ಊದಿಸೋದಕ್ಕೆ ಇಷ್ಟು ವರ್ಷ ಓದಬೇಕಿತ್ತೇನೇ ಪುಟ್ಟಿ?" ಎಂದಿದ್ದಳು. ಎರಡನೇ ಚೀಲದ ಹೊತ್ತಿಗೆ ಮೂಲೆಯಲ್ಲಿ ಕೂತು ತಂಗಿಯ ಬಿಳಿ ಕೋಟಿನ ತೋಳಿನ ಹೊಲಿಗೆ ಬಿಟ್ಟದ್ದನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಅಕ್ಕನ ಮೊದಲ ಚೀಲಕ್ಕೂ ಮುಂ ಎಂದು ಇವಳೇ ಬರೆದದ್ದು, ಇದೇ ಮಾರ್ಕರಿನಲ್ಲಿ, ಇದೇ ಕೈಯಲ್ಲಿ.

ಅದಕ್ಕೂ ಹತ್ತು ದಿನ ಮುಂಚೆ ಸಕ್ಕರೆ ಡಾಕ್ಟರು, ಅಂದರೆ ಅಕ್ಕನ ಮಧುಮೇಹ ನೋಡುವವರು, ಕನ್ನಡಕ ಹಣೆಗೇರಿಸಿ ಹೇಳಿದ್ದರು: "ಮಾತ್ರೆ ಏರಿಸಿದ ಹಾಗೆಲ್ಲ ಸಕ್ಕರೆನೂ ಏರ್ತಿದೆಯಲ್ಲಮ್ಮ ನಿಮಗೆ. ಹೊಟ್ಟೆ ಉರಿ ಬೇರೆ ಅಂತೀರಿ. ಹೊಟ್ಟೇಲೊಂದು ಸೋಂಕು ಇರುತ್ತೆ, ಅದಕ್ಕೂ ಸಕ್ಕರೆ ಹತೋಟಿ ತಪ್ಪೋದಕ್ಕೂ ನಂಟಿರಬಹುದು ಅಂತ ಕೆಲವರು ಹೇಳ್ತಾರೆ, ಇನ್ನು ಕೆಲವರು ಇಲ್ಲವೇ ಇಲ್ಲ ಅಂತಾರೆ. ನನಗೂ ಗ್ಯಾರಂಟಿ ಇಲ್ಲ. ನೋಡಿಬಿಡೋಣ, ಇದ್ರೆ ಹೊಟ್ಟೆಗಾದ್ರೂ ಒಳ್ಳೇದಾಗುತ್ತೆ." ವರದಿಯಲ್ಲಿ ಇಲ್ಲ ಎಂದು ಬಂದಾಗ ಅದೇ ಡಾಕ್ಟರು ಕಾಗದವನ್ನು ಮೇಜಿನ ಮೇಲೆ ಬಿಟ್ಟು ನಕ್ಕರು. "ಹಾಗಾದ್ರೆ ಇನ್ನು ಉಳಿದಿದ್ದು ಬಾಯಿ ಒಂದೇ. ಏನಮ್ಮ, ಕದ್ದು ಮುಚ್ಚಿ ಏನಾದ್ರೂ ನಡೀತಿದೆಯಾ?" ಅಕ್ಕ ಮೊದಲು ತಮಾಷೆ ಎಂದುಕೊಂಡು ತಾನೂ ನಕ್ಕಳು, ಆಮೇಲೆ ತಂಗಿಯ ಮುಖ ನೋಡಿದಳು. ತಂಗಿ ನಗುತ್ತಿರಲಿಲ್ಲ. ಡಾಕ್ಟರ ಎದುರು ತನ್ನ ಲ್ಯಾಬಿನ ವರದಿಯ ಮರ್ಯಾದೆ ಕಾಯುವವಳ ಹಾಗೆ ಗಂಭೀರವಾಗಿ ಕೂತಿದ್ದಳು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅಕ್ಕ, "ನಾನು ಏನೂ ತಿಂದಿಲ್ಲ ಕಣೇ," ಎಂದಳು. "ಮೆಷಿನ್ನಿಗೆ ನಿನ್ನ ಮೇಲೆ ಏನು ದ್ವೇಷ ಅಕ್ಕ?" ಎಂದು ಇವಳು ಕೇಳಿದಳು.

ಆಮೇಲೆ ಅವಳು ಹುಡುಕಿದಳು. ಹುಡುಕಿದ್ದು ಪ್ರೀತಿಯಿಂದ ಎಂದು ಆಗ ಅನ್ನಿಸಿತ್ತು, ಇಂದು ಯಾವ ಹೆಸರಿಡಬೇಕೋ ತಿಳಿಯದು. ಇಬ್ಬರೇ ಇರುವ ಎರಡು ಕೋಣೆಯ ಮನೆ, ಒಂದು ಕೋಣೆ ತುಂಬ ಅಕ್ಕನ ಹೊಲಿಗೆ ಸಾಮಾನು. ಶಾಲೆಗಳ ಯೂನಿಫಾರ್ಮ್ ಹೊಲಿದೇ ಅಕ್ಕ ಇವಳನ್ನು ಓದಿಸಿದ್ದು, ತಾಯಿ ಹೋದಾಗ ಇವಳಿಗೆ ಮೂರು ವರ್ಷ, ಅಕ್ಕನಿಗೆ ಹದಿನಾರು. ಗಟ್ಟಿ ಬ್ರೆಡ್ಡು ಅಗಿದು ಮೆತ್ತಗೆ ಮಾಡಿ ಬಾಯಿಗಿಟ್ಟವಳು. ಅಂಥ ಅಕ್ಕ ಬಟ್ಟೆ ಕೊಡಲು ಹೋದ ಹೊತ್ತು ನೋಡಿ ಇವಳು ಕಪಾಟು ತೆಗೆದು, ಮಡಿಸಿಟ್ಟ ಬಟ್ಟೆಯ ಅಡಿಗೆ ಕೈ ಹಾಕಿ, ಚಾಕೊಲೇಟಿನ ಒಂದು ಡಬ್ಬ ಹಿಡಿದಿದ್ದಳು. ಅಲ್ಲಾಡಿಸಿದರೆ ಗಲಗಲ. ಸಿಕ್ಕಿತು ಎಂದು ಎದೆ ಹಾರಿದ್ದು ನೆನಪಿದೆ, ಅದರಲ್ಲಿ ಒಂದಿಷ್ಟು ಸಂತೋಷವೂ ಇತ್ತು, ಅದೇ ಹೇಸಿಗೆ. ಮುಚ್ಚಳ ತೆಗೆದರೆ ಗುಂಡಿಗಳು. ಬಿಳಿ, ನೀಲಿ, ನಾಲ್ಕು ತೂತಿನವು, ಎರಡು ತೂತಿನವು. ಹಿಂದೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಗಾದರೂ ಬಾಯಿ ಮುಚ್ಚಿಕೊಳ್ಳಬಹುದಿತ್ತು. "ಡಬ್ಬ ಎಲ್ಲಿಂದ ಬಂತು?" ಎಂದು ಕೇಳಿದಳು. ಅಕ್ಕ ಡಬ್ಬ ಇಸಿದುಕೊಂಡು ಒಂದೊಂದೇ ಗುಂಡಿಯನ್ನು ಮೇಜಿನ ಮೇಲೆ ಇಟ್ಟು ತೋರಿಸಿದಳು, ಬರಿದಾದ ತಳವನ್ನೂ ತೋರಿಸಿದಳು. ಆವತ್ತಿನಿಂದ ಅಕ್ಕ ತಿನ್ನುವುದನ್ನೇ ಕಡಿಮೆ ಮಾಡಿದಳು. ತಟ್ಟೆಯನ್ನು ತಂಗಿಯ ಕಣ್ಣೆದುರೇ ಇಟ್ಟುಕೊಂಡು ನಾಲ್ಕು ತುತ್ತು ತಿಂದು ಕೈ ತೊಳೆಯುತ್ತಿದ್ದಳು, ತನ್ನ ಬಟ್ಟೆಗಳಿಗೆ ತಾನೇ ಪಕ್ಕದ ಹೊಲಿಗೆ ಹಾಕಿ ಬಿಗಿ ಮಾಡಿಕೊಳ್ಳುತ್ತಿದ್ದಳು. ಹೊಟ್ಟೆ ಉರಿ ಎಂದು ಒಮ್ಮೆ ಹೇಳಿದಾಗ, "ಯಾರ ಮೇಲೆ?" ಎಂದು ಇವಳು ಕೀಟಲೆ ಮಾಡಿದ್ದಳು. ಆಮೇಲೆ ಅಕ್ಕ ಅದನ್ನೂ ಹೇಳುವುದು ಬಿಟ್ಟಳು.

ಆದರೆ ಈ ಬೆಳಿಗ್ಗೆ ಹೇಳಿದ್ದಳಲ್ಲ. ಇವಳು ಚಪ್ಪಲಿ ಮೆಟ್ಟುತ್ತಿದ್ದಾಗ ಬಚ್ಚಲ ಬಾಗಿಲು ಒಂದು ಗೇಣು ತೆಗೆದು, ಹೇಳಲೋ ಬೇಡವೋ ಎಂಬ ದನಿಯಲ್ಲಿ, "ಎರಡು ದಿನದಿಂದ ಕಪ್ಪಗೆ ಹೋಗ್ತಿದೆ ಕಣೇ ಪುಟ್ಟಿ, ಡಾಂಬರಿನ ಹಾಗೆ," ಎಂದಿದ್ದಳು. "ಕಬ್ಬಿಣದ ಮಾತ್ರೆ ತಗೋತಿದ್ದೀಯಲ್ಲ, ಅದಕ್ಕೆ ಹಾಗಾಗುತ್ತೆ," ಎಂದು ಇವಳು ಬಸ್ಸಿಗೆ ಓಡಿ ಬಂದಿದ್ದಳು. ಕಬ್ಬಿಣದ ಮಾತ್ರೆಗೆ ಹಾಗಾಗುವುದು ನಿಜ. ಈ ಬ್ಯಾಕ್ಟೀರಿಯಾ ಹೊಟ್ಟೆಯ ಗೋಡೆ ಕೊರೆದು ಹುಣ್ಣು ಮಾಡಿ, ಹುಣ್ಣು ಒಳಗೊಳಗೇ ರಕ್ತ ಸೋರಿದರೂ ಹಾಗೇ ಆಗುತ್ತದೆ. ಎಷ್ಟು ಜನಕ್ಕೆ ಇದೇ ಬಾಯಿಂದ ಹೇಳಿಲ್ಲ ಅವಳು, ಕಪ್ಪಗೆ ಹೋದರೆ ತಡ ಮಾಡಬೇಡಿ, ನೆಟ್ಟಗೆ ಆಸ್ಪತ್ರೆಗೆ ಹೋಗಿ ಅಂತ? ಫೋನ್ ತೆಗೆದು ಅಕ್ಕನಿಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಹೊಲಿಗೆ ಮೆಷಿನ್ನಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ. ಮತ್ತೆ ಮಾಡಿದಳು. ಬಟ್ಟೆ ಒಣಹಾಕಲು ಮೇಲೆ ಹೋಗಿರಬೇಕು. ಮೂರನೇ ಸಲ ರಿಂಗಾಗುತ್ತಿರುವಾಗ ಖಾಲಿ ಕೋಣೆಯಲ್ಲಿ ಫೋನು ನೆಲದ ಮೇಲೆ ಬೆಳಗುತ್ತ ಆರುತ್ತ ಇರುವುದೂ, ಅದರ ಪಕ್ಕ ಒಂದು ಕೈ ಬಿದ್ದಿರುವುದೂ ಕಣ್ಣಿಗೆ ಕಟ್ಟಿ, ಅವಳು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

ಆಗಲೇ ಅವಳು ಆ ಕೆಲಸ ಮಾಡಿದ್ದು. ಯಾಕೆ ಮಾಡಿದಳು ಎಂದರೆ ಹೆದರಿಕೆಗೆ ಎನ್ನಬೇಕು, ಬೇರೆ ಸಬೂಬಿಲ್ಲ. ಅಕ್ಕನ ಬಗ್ಗೆ ಹೆದರುತ್ತಿದ್ದ ಅದೇ ಎದೆಯ ಇನ್ನೊಂದು ಮೂಲೆಯಲ್ಲಿ ತನ್ನ ಬಗ್ಗೆಯೂ ಹೆದರಿಕೆ ಇತ್ತು: ಮೇಡಂ ಕರೆಸುತ್ತಾರೆ, ಹದಿನೇಳು ಜನ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಬರೆದವರು ಯಾರು ಎಂದು ಕೇಳುತ್ತಾರೆ. ಬೆಳಗಿನ ನಾಲ್ಕು ಜನರ ಚೀಲಗಳು ಟ್ರೇಯಲ್ಲಿ ಸಾಲಾಗಿ ಮಲಗಿದ್ದವು. ಡ್ರೈವರನದನ್ನು ಬಿಟ್ಟು ಮಿಕ್ಕ ಮೂರು ಮೇಷ್ಟ್ರಿಗಾಗಿ ಕಾದಿದ್ದವು. ಅವಳು ಜೇಬಿನಿಂದ ಮಾರ್ಕರ್ ತೆಗೆದು ಮುಂ ಎಂದಿದ್ದ ನಾಲ್ಕೂ ಚೀಲದ ಮೇಲೆ ಅದರ ಪಕ್ಕದಲ್ಲಿ ಒಂದು 'ಚೆ' ಸೇರಿಸಿದಳು. ಮುಂಚೆ. ಎಷ್ಟು ಸುಲಭ, ಒಂದೊಂದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ. ಅಕ್ಷರ ಜಾರಲೂ ಇಲ್ಲ. ಶಾಯಿ ಆರಲೆಂದು ಊದುತ್ತಿದ್ದಾಗ ಹನ್ನೊಂದು ವರ್ಷದಲ್ಲಿ ತಾನು ಈ ಚೀಲಗಳ ಮೇಲೆ ಉಸಿರು ಬಿಡುತ್ತಿರುವುದು ಇದೇ ಮೊದಲು ಎಂದು ಹೊಳೆಯಿತು. ತನ್ನ ಹೊಟ್ಟೆಯಲ್ಲಿ ಏನಿದೆಯೆಂದು ಅವಳು ಯಾವತ್ತೂ ಊದಿ ನೋಡಿರಲಿಲ್ಲ. ಅಕ್ಕನಲ್ಲಿ ಇದ್ದರೆ, ಅಗಿದ ಬ್ರೆಡ್ಡಿನ ಜೊತೆ ಇವಳಲ್ಲಿಗೂ ಬಂದೇ ಇರಬೇಕು.

ಮೇಷ್ಟ್ರು ಬಂದರು. ದವಡೆಗೆ ಹತ್ತಿ ತುರುಕಿ ಕೆನ್ನೆ ಊದಿತ್ತು, ಮರಗಟ್ಟಿದ ತುಟಿಯನ್ನು ಕರವಸ್ತ್ರದಿಂದ ಒತ್ತಿ ಹಿಡಿದಿದ್ದರು. ಅವಳು ಪರದೆಯನ್ನು ಅವರ ಕಡೆ ತಿರುಗಿಸಿ ಮೈನಸ್ಸುಗಳನ್ನು ತೋರಿಸಿದಳು. ಮೇಷ್ಟ್ರಿಗೆ ವಿವರಿಸಬೇಕಾಗಲಿಲ್ಲ, ಕಳೆಯುವ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ನಾನೂ ಒಂದೆರಡು ಸಲ ಈ ಗೆರೆ ನೋಡಿದ್ದೆ," ಎಂದರು ತೊದಲುತ್ತ. "ಕಂಪನಿಯವನಿಗೆ ಫೋನ್ ಮಾಡಿ ಕೇಳಿದೆ. ನಾಲ್ಕಕ್ಕಿಂತ ಕಡಿಮೆ ಇದ್ರೆ ಇಲ್ಲ ಅಂತ ಸಾರ್, ಸೊನ್ನೆಗಿಂತ ಕಡಿಮೆ ಅಂದ್ರೆ ಇನ್ನೂ ಇಲ್ಲ ಅಂತ, ಅಂದ. ಇನ್ನೂ ಇಲ್ಲ ಅನ್ನೋದು ಎಲ್ಲಾದ್ರೂ ಉಂಟಾ? ನನಗೆ ಆಗಲೇ ಹೊಳೀಬೇಕಿತ್ತು." ಅವರ ಕೈ ತಾನಾಗಿ ಟ್ರೇಯ ಕಡೆ ಹೋಯಿತು. ಒಂದು ಚೀಲ ಎತ್ತಿ ಕನ್ನಡಕದ ಹತ್ತಿರ ಹಿಡಿದರು, ದೂರ ಹಿಡಿದರು. ಮುಂಚೆ. ಇನ್ನೊಂದನ್ನು ಎತ್ತಿದರು. ಮುಂಚೆ. "ಇಷ್ಟು ಸ್ಪಷ್ಟವಾಗಿ ಬರೆದಿದ್ದೀರಲ್ಲ ತಾಯಿ," ಎಂದರು ಮೇಷ್ಟ್ರು. "ಆರು ವಾರ ನಾನು ಏನು ನೋಡಿದೆ ಹಾಗಾದ್ರೆ? ಮುಂ ಅಂತ ಮಾತ್ರ ಇತ್ತು ಅಂತಲೇ ನನ್ನ ನೆನಪು. ಚೆ ಕಾಣಲೇ ಇಲ್ವಾ ನನಗೆ?"

ಅವಳು ಬಾಯಿ ತೆರೆದರೆ ಮುಗಿಯುತ್ತಿತ್ತು, ತೆರೆಯಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಆ ಎರಡಕ್ಷರವನ್ನು ಕನ್ನಡಕವಿಲ್ಲದೆಯೂ ಓದಲು ನೋಡಿ ಮತ್ತೆ ಹಾಕಿಕೊಂಡರು. "ಕಣ್ಣೋ, ತಲೆಯೋ," ಎಂದು ತಮ್ಮಷ್ಟಕ್ಕೆ ಗೊಣಗಿದರು. "ಮನೇಲಿ ಅವಳು ಹೇಳ್ತಾನೇ ಇರ್ತಾಳೆ, ನಿಮಗೆ ಮರೆವು ಶುರುವಾಗಿದೆ ಅಂತ. ನಾನು ಒಪ್ಪಿರಲಿಲ್ಲ." ಹದಿನೇಳು ಹೆಸರನ್ನು ಕಾಗದದ ಮೇಲೆ ಬರೆದುಕೊಂಡರು, ಒಂದೊಂದರ ಅಡಿಗೂ ಅಡ್ಡಗೆರೆ ಎಳೆದರು. ಅಕ್ಕನ ಹೆಸರು ಬಂದಾಗ, ಇದು ನಮ್ಮಕ್ಕ ಎಂದು ಅವಳು ಹೇಳಿದಳು, ಬೆಳಿಗ್ಗೆ ಅಕ್ಕ ಹೇಳಿದ್ದನ್ನೂ ಹೇಳಿದಳು. ಮೇಷ್ಟ್ರ ಮುಖದಲ್ಲಿ ಮರಗಟ್ಟದೆ ಉಳಿದಿದ್ದ ಅರ್ಧಭಾಗ ಬಿಳಿಚಿಕೊಂಡಿತು. "ನೀವಿನ್ನೂ ಇಲ್ಲೇ ನಿಂತಿದ್ದೀರಲ್ಲ! ಹೋಗಿ, ಮೊದಲು ಮನೆಗೆ ಹೋಗಿ. ಮೇಡಂ ಹತ್ರ ನಾನು ಹೇಳ್ತೀನಿ. ತಪ್ಪು ಓದಿದ್ದು ನಾನು, ನಾನೇ ಹೇಳಬೇಕು." ಮೇಲಿನ ಮಹಡಿಗೆ ಹತ್ತುವಾಗ ಅವರು ಕಂಬಿ ಹಿಡಿದುಕೊಂಡು ಹತ್ತಿದರು, ಮುಂಚೆ ಹಾಗೆ ಹಿಡಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಕೂರಲು ಜಾಗವಿತ್ತು, ಕೂರಲಾಗಲಿಲ್ಲ. ಪ್ರತಿ ನಿಲ್ದಾಣದಲ್ಲೂ ಜನ ಇಳಿಯುವುದು ನಿಧಾನ, ಹತ್ತುವುದು ಇನ್ನೂ ನಿಧಾನ. ಅವಳು ಕಂಬ ಹಿಡಿದು ನಿಂತು ಫೋನ್ ಮಾಡುತ್ತಲೇ ಇದ್ದಳು, ಐದು, ಆರು, ಎಂಟು. ಪಕ್ಕದ ಸೀಟಿನ ಹೆಂಗಸಿನ ಬಾಯಿಂದ ಖಾಲಿ ಹೊಟ್ಟೆಯ ವಾಸನೆ ಬಂತು, ಇವರನ್ನೂ ಊದಿಸಬೇಕು ಅನ್ನಿಸಿತು, ಇಡೀ ಬಸ್ಸನ್ನೇ ಸಾಲಾಗಿ ನಿಲ್ಲಿಸಿ ಊದಿಸಬೇಕು. ಅಕ್ಕ ಸತ್ತುಹೋಗಿದ್ದರೆ? ಆ ಮಾತನ್ನು ಮನಸ್ಸಿನಲ್ಲಿ ಪೂರ್ತಿ ಆಡಿಯೇ ಬಿಟ್ಟಳು, ಆಡಿ ಬೆದರಿ ಇಲ್ಲ ಇಲ್ಲ ಎಂದಳು, ಆ ಇಲ್ಲ ಕೂಡ ಪರದೆಯ ಮೇಲಿನ ಹಸಿರು 'ಇಲ್ಲ'ದ ಹಾಗೆಯೇ ಕೇಳಿಸಿತು. ಸತ್ತರೆ ಅಕ್ಕ ಕಳ್ಳಿಯಾಗಿ ಸಾಯುತ್ತಾಳೆ. ಕದ್ದು ತಿಂದು ಸಕ್ಕರೆ ಏರಿಸಿಕೊಂಡು ಹೋದಳು ಎಂದು ಸಕ್ಕರೆ ಡಾಕ್ಟರೂ ಹೇಳುತ್ತಾರೆ, ಎದುರು ಮನೆಯವರೂ ಹೇಳುತ್ತಾರೆ. ಎದುರು ಮನೆಯವರಿಗೆ ಇವಳೇ ಹೇಳಿದ್ದಳಲ್ಲ, ನಮ್ಮಕ್ಕ ನಿಮ್ಮಲ್ಲಿ ಬಂದು ಏನಾದರೂ ಸಿಹಿ ಕೇಳಿದರೆ ಕೊಡಬೇಡಿ ಅಂತ. ಅಕ್ಕ ಅವರ ಮನೆಗೆ ಹೋಗುವುದನ್ನು ಬಿಟ್ಟಿದ್ದು ಯಾಕೆಂದು ಈಗ ತಿಳಿಯಿತು. ಇಳಿಯುವ ನಿಲ್ದಾಣ ಬಂದಾಗ ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಇಳಿದು ಓಡಿದಳು.

ಮೆಟ್ಟಿಲು ಹತ್ತುವಾಗ ಹೊಲಿಗೆ ಮೆಷಿನ್ನಿನ ಸದ್ದಿಲ್ಲ. ಬಾಗಿಲು ಚಿಲಕ ಹಾಕಿರಲಿಲ್ಲ. ಅಕ್ಕ ಮೆಷಿನ್ನಿನ ಮುಂದೆ ಕೂತು, ಅರ್ಧ ಹೊಲಿದ ನೀಲಿ ಅಂಗಿಯ ಮೇಲೆ ತಲೆ ಇಟ್ಟಿದ್ದಳು. ಫೋನು ಬಟ್ಟೆಯ ರಾಶಿಯೊಳಗೆ ಎಲ್ಲೋ ಹೂತು ಹೋಗಿತ್ತು. "ಅಕ್ಕಾ!" ಎಂದು ಕೂಗಿದ್ದು ಅವಳಿಗೇ ಪರಕೀಯವಾಗಿ ಕೇಳಿಸಿತು. ಅಕ್ಕ ತಲೆ ಎತ್ತಿದಳು. ಕೆನ್ನೆಯ ಮೇಲೆ ಅಂಗಿಯ ಹೊಲಿಗೆಯ ಗುರುತು ಮೂಡಿತ್ತು, ತುಟಿ ಕಾಗದದ ಹಾಗೆ ಬೆಳ್ಳಗಿತ್ತು. "ಯಾಕೇ ಇಷ್ಟು ಬೇಗ ಬಂದೆ?" ಎಂದಳು. ಆಮೇಲೆ ತಂಗಿಯ ಮುಖ ನೋಡಿ, ಆ ಮುಖದಲ್ಲಿ ಏನು ಕಂಡಳೋ, ಬೆದರಿ ಎದ್ದು ನಿಲ್ಲಲು ಹೋಗಿ ಮೇಜು ಹಿಡಿದುಕೊಂಡಳು. ಇವಳು ಹತ್ತಿರ ಹೋಗಿ ರೆಪ್ಪೆ ಕೆಳಕ್ಕೆಳೆದು ನೋಡಿದಳು, ಕೆಂಪೇ ಇರಲಿಲ್ಲ. ನಾಡಿ ಓಡುತ್ತಿತ್ತು. "ಅಕ್ಕ, ನಾನೊಂದು ಮಾತು ಹೇಳಬೇಕು," ಎಂದಳು.

"ನೀನು ಹೇಳೋದು ಬೇಡ. ನಾನೇ ಹೇಳಿಬಿಡ್ತೀನಿ," ಎಂದಳು ಅಕ್ಕ. ಉಸಿರು ಸಾಲದೆ ಮಾತು ತುಂಡು ತುಂಡಾಗಿ ಬರುತ್ತಿತ್ತು. "ಹೌದು ಕಣೇ. ತಿಂತಿದ್ದೆ. ಕದ್ದು ತಿಂತಿದ್ದೆ. ಬಟ್ಟೆ ಕೊಡೋಕೆ ಹೋದಾಗ ಅಂಗಡೀಲಿ ಕೇಕು ತಿಂತಿದ್ದೆ, ಬಿಸ್ಕತ್ತು ತಿಂತಿದ್ದೆ, ಮತ್ತೆ... ಇನ್ನೂ ಏನೇನೋ ತಿಂದಿದ್ದೀನಿ. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊ. ಇನ್ಮೇಲೆ ತಿನ್ನಲ್ಲ, ನಿನ್ನಾಣೆ. ಕಪಾಟು ಮಾತ್ರ ತೆಗೀಬೇಡ." ಹೇಳುತ್ತ ಹೇಳುತ್ತ ಅವಳ ಮುಖ ಸಡಿಲವಾಯಿತು, ದೊಡ್ಡ ಹೊರೆ ಇಳಿಸಿದವರ ಹಾಗೆ. ಇವಳಿಗೆ ಯಾವ ಅಂಗಡಿ ಅಕ್ಕ ಎಂದು ನಾಲಿಗೆ ತುದಿಗೆ ಬಂದಿತ್ತು, ಕೇಳಿದರೆ ಅಕ್ಕ ಒಂದು ಅಂಗಡಿಯನ್ನೂ ಹುಟ್ಟಿಸಿ ಹೇಳುತ್ತಿದ್ದಳು. ಮತ್ತು ಒಂದು ಕ್ಷಣ, ನಾಚಿಕೆಯಿಲ್ಲದ ಒಂದೇ ಒಂದು ಕ್ಷಣ, ಅವಳಿಗೆ ಹಾಯೆನಿಸಿತು: ಅಪರಾಧಿ ತಾನಾಗಿ ಒಪ್ಪಿಕೊಂಡಿದ್ದಾಳೆ, ಇನ್ನು ಯಾರೂ ಏನೂ ಹೇಳಬೇಕಿಲ್ಲ, ಅಕ್ಕನಿಗೆ ಹುಷಾರಿಲ್ಲ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಸಾಕು. ಮೇಷ್ಟ್ರ ಒರೆಸಿದ ಕನ್ನಡಕ ಕಣ್ಣ ಮುಂದೆ ಬಂತು. ಮಾಡದ ತಪ್ಪು ಒಪ್ಪಿಕೊಂಡವರು ಒಂದೇ ದಿನ ಇಬ್ಬರು, ಎಂದು ಅವಳು ಲೆಕ್ಕ ಹಾಕಿದಳು.

"ನಡಿ, ಆಸ್ಪತ್ರೆಗೆ," ಎಂದಷ್ಟೇ ಹೇಳಿ ಟ್ಯಾಕ್ಸಿ ಕರೆಸಿದಳು. ಅಕ್ಕನನ್ನು ಮೆಟ್ಟಿಲಿಳಿಸುವಾಗ ತೋಳಿನಡಿ ಕೈ ಕೊಟ್ಟರೆ ಪಕ್ಕದ ಮೂಳೆ ಬೆರಳಿಗೆ ಎಣಿಕೆಯಾಗುತ್ತಿತ್ತು. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು. ಅಕ್ಕ ಅವರ ಕಡೆ ನೋಡದೆ ತಲೆ ತಗ್ಗಿಸಿ ಹಿಂದಿನ ಸೀಟಿನಲ್ಲಿ ಕೂತಳು. ಗಾಡಿ ಹೊರಟಿತು. ಪಕ್ಕದಲ್ಲಿ ಕೂತು ಆ ತಣ್ಣನೆಯ ಕೈ ಹಿಡಿದುಕೊಂಡು, ಈಗ ಹೇಳುತ್ತೇನೆ, ಆ ತಿರುವು ಆದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತ ಅವಳು ಮೂರು ತಿರುವು ಕಳೆದಳು. ಮುಖ ನೋಡಿ ಹೇಳಲು ಧೈರ್ಯವಾಗಲಿಲ್ಲ. ಕಡೆಗೆ ಫೋನ್ ತೆಗೆದು ಮೇಷ್ಟ್ರಿಗೆ ಮಾಡಿದಳು. "ಮೇಷ್ಟ್ರೇ," ಎಂದಳು, "ನಿಮ್ಮ ಕಣ್ಣು ಸರಿಯಾಗಿದೆ. ತಲೆನೂ ಸರಿಯಾಗಿದೆ. ನಾನು ಮುಂ ಅಂತಷ್ಟೇ ಬರೀತಿದ್ದಿದ್ದು, ಯಾವತ್ತೂ. ಚೆ ಇವತ್ತು ನೀವು ಬರೋ ಮುಂಚೆ ಸೇರಿಸಿದ್ದು." ಆ ಕಡೆಯಿಂದ ಹತ್ತಿ ತುಂಬಿದ ಬಾಯಿಯ ಉಸಿರು ಕೇಳಿಸಿತು. "ಮೇಡಂಗೆ ಹಾಗಂತಲೇ ಹೇಳಿ. ನಾನೂ ಬಂದು ಹೇಳ್ತೀನಿ. ನಮ್ಮಕ್ಕನ ಉಸಿರೂ ತಲೆಕೆಳಗಾಗಿದ್ದು ನನ್ನಿಂದಲೇ. ಅವಳ ಹೊಟ್ಟೇಲಿ ಸೋಂಕಿತ್ತು, ಇಲ್ಲ ಅಂತ ವರದಿ ಕೊಟ್ಟು ಕಳ್ಳಿ ಅಂದ್ವಿ." ಮೇಷ್ಟ್ರು, "ಆಯ್ತು," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಫೋನು ಕೆಳಗಿಟ್ಟು ನೋಡಿದರೆ, ಇವಳು ಹಿಡಿದಿದ್ದ ಕೈಯನ್ನು ಅಕ್ಕ ಬಿಡಿಸಿಕೊಂಡಿದ್ದಳು.

ಅಕ್ಕ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಗಾಡಿ ಕ್ರಾಸಿನಲ್ಲಿ ನಿಂತಿತ್ತು. "ಚೀಲ ಅದಲು ಬದಲಾಗಿತ್ತಾ?" ಎಂದು ಕೇಳಿದಳು, ತಿರುಗದೆ. "ಹೂಂ ಅಕ್ಕ." "ಆವತ್ತಿಂದಲೂ?" "ಹೂಂ." ಗಾಡಿ ಮತ್ತೆ ಹೊರಟಿತು. ಆಸ್ಪತ್ರೆಯ ಕಾಂಪೌಂಡು ಕಾಣಿಸಿದಾಗ ಅಕ್ಕ ಇತ್ತ ತಿರುಗಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು; ಹಾದಿ ಕೇಳುವವರ ಮುಖದಲ್ಲಿ ಇರುವಂಥದ್ದು ಏನೋ ಇತ್ತು.

"ಹಾಗಾದ್ರೆ ಪುಟ್ಟಿ, ನಾನು ತಿಂದಿಲ್ಲ ಅಂತಾಯ್ತಾ?"

ತಿಂದಿಲ್ಲ ಅಕ್ಕ, ಖಂಡಿತ ತಿಂದಿಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಸೋಂಕಿಗೂ ಸಕ್ಕರೆಗೂ ನಂಟು ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಹೇಳುವ ಚೀಲ ಯಾವ ಲ್ಯಾಬಿನಲ್ಲೂ ಇರಲಿಲ್ಲ. ಹೇಳಬಲ್ಲವಳು ಒಬ್ಬಳೇ, ಅವಳು ಡಾಕ್ಟರ ಮೆಟ್ಟಿಲಿಳಿಯುವಾಗಲೇ ಹೇಳಿಯೂ ಹೇಳಿದ್ದಳು, ಯಾರೂ ಕೇಳಿರಲಿಲ್ಲ. "ಅದು ನನಗೆ ಹೇಗೆ ಗೊತ್ತಾಗಬೇಕು ಅಕ್ಕ?" ಎಂದಳು ಅಳುತ್ತ. "ನೀನೇ ಹೇಳು. ನೀನು ಏನು ಹೇಳಿದ್ರೂ ನಂಬ್ತೀನಿ."

ಅಕ್ಕ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹಣೆ ಸುಕ್ಕು ಮಾಡಿ, ಬಿಳಿಚಿದ ತುಟಿ ಕಚ್ಚಿ, ಆ ನಾಲ್ಕು ವಾರಗಳನ್ನು ಒಂದೊಂದಾಗಿ ತೆರೆದು ಒಳಗೆ ಕೈಯಾಡಿಸುವವಳ ಹಾಗೆ. ಟ್ಯಾಕ್ಸಿಯವನು ಇಳೀರಿ ಅಂತ ಎರಡು ಸಲ ಹೇಳಿದ.

"ಮೊದಲು ಗೊತ್ತಿತ್ತು ಕಣೇ," ಎಂದಳು. "ಈಗ ಗೊತ್ತಿಲ್ಲ."